ಕರ್ನಲ್ಲಿಗೆ ನಾನು ಕೊಟ್ಟ ಗ್ರೇಸ್ ಮಾರ್ಕ್ಸು

ನನ್ನ ಶಾಲಾ ವ್ಯಾನಿನೊಳಗೆ, ಡ್ರೈವರ್ ಸೀಟಿನ ಹಿಂದೆ, ಕೆಂಪು ಅಕ್ಷರಗಳಲ್ಲಿ ಒಂದು ಬೋರ್ಡು ಇದೆ: 'ಸಾಂಬಾರಿನ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಬಾರದು.' ನಾಲ್ಕನೇ ತರಗತಿಯ ಒಬ್ಬಳು ಹುಡುಗಿಯಿಂದಾಗಿ ಬರೆಸಿದ್ದು. ಹೆಸರು ಹಾಕಿಸಿಲ್ಲ. ಆದರೆ ಯಾರೆಂದು ವ್ಯಾನಿಗೆಲ್ಲ ಗೊತ್ತು. ಪಾಪ, ಅವಳು ಆ ಬೋರ್ಡಿಗೆ ಬೆನ್ನು ಹಾಕಿಯೇ ಕೂರುತ್ತಿದ್ದಳು. ಅವಳು ಹಾಗೆ ಕೂತದ್ದನ್ನು ಕನ್ನಡಿಯಲ್ಲಿ ನೋಡಿದಾಗಲೆಲ್ಲ ನನಗೆ ನಗು ಬರುತ್ತಿತ್ತು. ಈಗ ಬರುವುದಿಲ್ಲ. ಯಾಕೆಂದರೆ ಈ ಬೇಸಿಗೆ ರಜೆಯಲ್ಲಿ ನನ್ನ ತಂಗಿಗೆ ನಾನೊಂದು ಉಪಕಾರ ಮಾಡಿದೆ.

ನಾನು ಮುನಿರಾಜು. ಮನೆ ಅಬ್ಬಿಗೆರೆಯಲ್ಲಿ, ವ್ಯಾನು ಅಬ್ಬಿಗೆರೆಯಿಂದ ಜಾಲಹಳ್ಳಿಯವರೆಗೆ. ವಿದ್ಯಾಭ್ಯಾಸ ಎಸ್ಸೆಸ್ಸೆಲ್ಸಿ, ಫೇಲು. ಗಣಿತದಲ್ಲಿ ಮೂರು ಅಂಕ ಕಡಿಮೆ ಬಿತ್ತು. ಮತ್ತೆ ಕಟ್ಟಿದೆ. ಒಂದು ಅಂಕ ಕಡಿಮೆ ಬಿತ್ತು. ಇದೇ ವೇಗದಲ್ಲಿ ಹೋಗಿದ್ದರೆ ಮೂರನೇ ಸಲ ನಾನು ಪಾಸಾಗುತ್ತಿದ್ದೆ ಎಂಬುದು ಗಣಿತ ಬಲ್ಲ ಯಾರಿಗಾದರೂ ಹೊಳೆಯುವ ಸತ್ಯ. ಆದರೆ ನಮ್ಮಪ್ಪನಿಗೂ ಗಣಿತ ಬರುತ್ತಿರಲಿಲ್ಲ. ಮೂರನೇ ಸಲ ಕಟ್ಟಲು ಬಿಡದೆ ಕೈಗೆ ಸ್ಟೇರಿಂಗು ಕೊಟ್ಟರು.

ನನ್ನ ತಂಗಿ ಪವಿತ್ರ ನನಗೆ ತದ್ವಿರುದ್ಧ. ಜೀವನದಲ್ಲಿ ಫೇಲು ಎಂಬ ಪದವನ್ನು ಅವಳು ನನ್ನ ಅಂಕಪಟ್ಟಿಯಲ್ಲಿ ಮಾತ್ರ ಓದಿದ್ದಾಳೆ. ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕೂತು ಪ್ರಪಂಚದ ಕಂಪ್ಯೂಟರುಗಳನ್ನೆಲ್ಲ ರಿಪೇರಿ ಮಾಡುವ ಕೆಲಸ ಅವಳದು. ಅವಳಿಗೆ ಅಆಇಈ ತಿದ್ದಿಸಿದವನು ನಾನೇ ಎಂದು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತೇನೆ. ಅದು ನಿಜವೂ ಹೌದು. 'ಈ' ವರೆಗೆ ನಾನೇ ತಿದ್ದಿಸಿದ್ದೆ.

ಶನಿವಾರ ಬೆಳಗ್ಗೆ ಪವಿತ್ರ ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ಲ್ಯಾಪ್‌ಟಾಪ್ ಹಿಡಿದು, ಅಳುಮುಖ ಮಾಡಿಕೊಂಡು ಕೆಳಗಿಳಿದಳು.

"ಅಣ್ಣಾ, ನಿಂಗೆ ಹೆಂಗೂ ರಜ ತಾನೆ? ನಂಗೊಂದು ಸಹಾಯ ಮಾಡ್ತೀಯಾ? ಗೆಳತಿ ಮದ್ವೆಗೆ ತುಮಕೂರಿಗೆ ಹೋಗ್ಲೇಬೇಕು. ಇಲ್ಲಿ ನೋಡಿದ್ರೆ ಕರ್ನಲ್ ಕೆಟ್ಟು ಕೂತಿದೆ."

"ಯಾವ ಕರ್ನಲ್ಲಮ್ಮ? ಏನಂದ ನಿಂಗೆ?" ನಾನು ತೋಳು ಮಡಚಿದೆ.

"ಅಯ್ಯೋ, ಮಿಲಿಟರಿ ಕರ್ನಲ್ ಅಲ್ಲಣ್ಣ! ಕಂಪ್ಯೂಟರ್ ಒಳಗಿರೋ ಯಜಮಾನ. ಎಲ್ಲಾ ಕೆಲ್ಸ ಮಾಡ್ಸೋನು. ಅದ್ರೊಳಗೆ ಸ್ಟೋರೇಜ್ ಡ್ರೈವರ್ ಅಂತ ಒಂದಿರುತ್ತೆ. ಡಿಸ್ಕಿಗೆ ಸಾಮಾನು ಹೊತ್ಕೊಂಡ್ ಹೋಗಿ ಇಳಿಸೋದು, ವಾಪಸ್ ತರೋದು. ಎರಡು ತಿಂಗಳ ಹಿಂದೆ ಚೆನ್ನಾಗಿತ್ತು. ಈಗ ಮಧ್ಯದಲ್ಲಿ ನಿಂತುಬಿಡುತ್ತೆ. ತಪ್ಪು ಡ್ರೈವರ್ದೇ."

"ಎಲ್ರೂ ಮೊದ್ಲು ಡ್ರೈವರ್ ಮೇಲೇ ಹಾಕ್ತೀರ!" ಎಂದೆ. ಇಪ್ಪತ್ತು ವರ್ಷ ವ್ಯಾನು ಓಡಿಸಿದವನಿಗೆ ಇದು ಹೊಸದಲ್ಲ. ಆ ಕ್ಷಣದಿಂದಲೇ ನಾನು ಮನಸ್ಸಿನಲ್ಲಿ ಆ ಡ್ರೈವರಿನ ಪಕ್ಷ ಸೇರಿದೆ.

ಅವಳು ವಿವರಿಸಿದ್ದು ಇಷ್ಟು. ಈ ಎರಡು ತಿಂಗಳಲ್ಲಿ ಬೇರೆ ಬೇರೆ ದೇಶದವರು ಸೇರಿ ಕರ್ನಲ್ಲಿನಲ್ಲಿ ಸಾವಿರದಷ್ಟು ಬದಲಾವಣೆ ಮಾಡಿದ್ದಾರೆ. ಅದರಲ್ಲಿ ಯಾವುದೋ ಒಂದು ಎಡವಟ್ಟಾಗಿದೆ. ಯಾವುದು?

"ನಿನ್ ವ್ಯಾನ್ ಲೆಕ್ಕದಲ್ಲೇ ಹೇಳ್ತೀನಿ. ಮೊದಲ್ನೇ ಸ್ಟಾಪಲ್ಲಿ ಮಗು ಹತ್ರ ಊಟದ ಡಬ್ಬಿ ಇತ್ತು. ಕೊನೇ ಸ್ಟಾಪಲ್ಲಿ ಇಲ್ಲ. ಮಧ್ಯೆ ಸಾವಿರ ಸ್ಟಾಪು. ಎಲ್ಲಾ ಕಡೆ ಇಳಿದು ಹುಡುಕ್ತೀಯಾ?"

"ಇಲ್ಲ. ಅವರಮ್ಮಂಗೆ ಫೋನ್ ಮಾಡ್ತೀನಿ."

"ಅಣ್ಣಾ! ನಟ್ಟನಡುವಿನ ಸ್ಟಾಪಲ್ಲಿ ನೋಡ್ತೀಯ. ಅಲ್ಲಿ ಡಬ್ಬಿ ಇದ್ರೆ ಆಮೇಲಿನ ಅರ್ಧದಲ್ಲಿ ಕಳೆದಿದೆ. ಇಲ್ದಿದ್ರೆ ಮುಂಚಿನ ಅರ್ಧದಲ್ಲಿ. ಹಿಂಗೇ ಅರ್ಧ, ಅರ್ಧದಲ್ಲಿ ಅರ್ಧ ಅಂತ ಹೋದ್ರೆ ಹತ್ತೇ ಸಲಕ್ಕೆ ಕಳೆದ ಸ್ಟಾಪು ಸಿಗುತ್ತೆ."

ನಾನು ಬೆರಗಾದೆ. ನನ್ನ ಗಣಿತದ ಮೇಷ್ಟರು ಹೀಗೆ ಹೇಳಿಕೊಟ್ಟಿದ್ದರೆ ಇವತ್ತು ನಾನೆಲ್ಲಿರುತ್ತಿದ್ದೆನೋ!

ಕೆಲಸ ಸುಲಭ. ಮಹಡಿ ಕೋಣೆಯ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿರುವ ಒಂದು ಪೆಟ್ಟಿಗೆ. ಅದರ ಸ್ವಿಚ್ಚು ಹಾಕಿದರೆ ಪರೀಕ್ಷೆ ಶುರು. ಐದು ನಿಮಿಷದಲ್ಲಿ ಪರದೆಯ ಮೇಲೆ ಹಸಿರು ಅಕ್ಷರ ಬಂದರೆ ಪಾಸು. ಏನೂ ಬಾರದೆ ಹಾಗೇ ಸ್ತಬ್ಧವಾಗಿ ನಿಂತರೆ ಫೇಲು. ಫಲಿತಾಂಶವನ್ನು ಲ್ಯಾಪ್‌ಟಾಪಿನಲ್ಲಿ ಒತ್ತಬೇಕು. ಒತ್ತಿದ ಮೇಲೆ ಅರ್ಧ ಗಂಟೆಯಲ್ಲಿ ಅದೇ ಮುಂದಿನ ಕರ್ನಲ್ಲನ್ನು ತಯಾರು ಮಾಡಿ ಪೆಟ್ಟಿಗೆಗೆ ತುಂಬುತ್ತದೆ. ನನಗೆ ಗೊಂದಲವಾಗಬಾರದೆಂದು ಪವಿತ್ರ ಅವಳ ಅತ್ತಿಗೆಯ, ಅಂದರೆ ನನ್ನ ಹೆಂಡತಿ ಶೋಭಾಳ, ಹಣೆಬೊಟ್ಟಿನ ಪ್ಯಾಕೆಟ್ಟು ತಂದು ಒಂದು ಕೀಲಿಯ ಮೇಲೆ ಹಸಿರು ಬೊಟ್ಟು, ಇನ್ನೊಂದರ ಮೇಲೆ ಕೆಂಪು ಬೊಟ್ಟು ಅಂಟಿಸಿದಳು. ಹಸಿರು ಪಾಸು, ಕೆಂಪು ಫೇಲು.

"ಇದು ನಾನೇ ಹಿಡಿದಿರೋ ಮೊದಲ್ನೇ ದೊಡ್ಡ ತಪ್ಪು ಕಣಣ್ಣ. ಮುಂದಿನ ಭಾನುವಾರ ಹೊಸ ಕರ್ನಲ್ ಜನರ ಕೈಗೆ ಹೊರಡುತ್ತೆ. ಅಷ್ಟರಲ್ಲಿ ಸಿಗ್ಬೇಕು. ಹೆನ್ರಿಕ್ ಅಂತ ಒಬ್ರು ಹಿರಿಯರು ಈ ಡ್ರೈವರ್ ಉಸ್ತುವಾರಿ ನೋಡ್ಕೊಳ್ತಾರೆ. ಅದನ್ನ ನಂಗೆ ವಹಿಸೋಣ ಅಂತಿದ್ದಾರೆ. ನಾನು ಸರಿಯಾಗಿ ಕೆಲ್ಸ ಮಾಡ್ತೀನಾ ಅಂತ ನೋಡ್ತಿರ್ತಾರೆ."

ಅಷ್ಟರಲ್ಲಿ ಕೆಳಗೆ ಕಾರು ಬಂದು ಹಾರನ್ ಹೊಡೆಯಿತು. ಪವಿತ್ರ ಚಪ್ಪಲಿ ಹುಡುಕುತ್ತ ಕೂಗಿದಳು:

"ಮುಖ್ಯವಾದ್ದೇ ಮರೆತೆ! ಈ ತಪ್ಪು ಪ್ರತಿ ಸಲ ಕಾಣಿಸ್ಕೊಳ್ಳಲ್ಲ. ಅದಕ್ಕೇ ಒಂದೊಂದು ಕರ್ನಲ್ಲಿಗೂ ಮೂರು ಸಲ ಪರೀಕ್ಷೆ ಮಾಡು. ಮೂರರಲ್ಲಿ ಒಂದ್ ಸಲ..."

"ಗೊತ್ತು ಗೊತ್ತು! ಹೊಸ ಪದ್ಧತಿ!" ಎಂದೆ. "ನನ್ ವ್ಯಾನಲ್ಲಿ ಹತ್ತನೇ ಕ್ಲಾಸಿನ ಮಕ್ಕಳೇ ಆರು ಜನ ಇದಾರೆ. ನಂಗ್ ಹೇಳ್ಕೊಡ್ತೀಯಾ? ನೀನ್ ಹೊರಡು!"

ಅವಳು ಹೊರಟಳು. ಆ ವಾಕ್ಯ ಮಾತ್ರ ಅರ್ಧಕ್ಕೇ ನಿಂತಿತು.

ಹೊಸ ಪದ್ಧತಿ ಏನೆಂದು ಮಕ್ಕಳಿರುವ ಮನೆಯವರಿಗೆಲ್ಲ ಗೊತ್ತು. ಈಗ ಎಸ್ಸೆಸ್ಸೆಲ್ಸಿಗೆ ಪರೀಕ್ಷೆ ಒಂದು, ಪರೀಕ್ಷೆ ಎರಡು, ಪರೀಕ್ಷೆ ಮೂರು. ಮೂರರಲ್ಲಿ ಯಾವುದರಲ್ಲಿ ಹೆಚ್ಚು ಬಂದಿದೆಯೋ ಅದೇ ಲೆಕ್ಕ. ಒಂದು ಸಲ ಪಾಸಾದರೆ ಸಾಕು, ಪಾಸು! ನನ್ನ ಕಾಲದಲ್ಲಿ ಈ ದಯೆ ಇರಲಿಲ್ಲ. ಇರಲಿ, ಕರ್ನಲ್ಲಿಗಾದರೂ ಸಿಗಲಿ.

ಕೆಲಸವನ್ನು ನಾನು ಶಾಸ್ತ್ರೋಕ್ತವಾಗಿ ಆರಂಭಿಸಿದೆ. ಸ್ನಾನ ಮಾಡಿದೆ. ರಜೆಯಲ್ಲಿ ಖಾಲಿ ಬಿದ್ದಿದ್ದ ವ್ಯಾನಿನ ಹಾಜರಿ ಪುಸ್ತಕ ತೆರೆದು ಗೆರೆ ಎಳೆದೆ. ಕರ್ನಲ್ ಸಂಖ್ಯೆ, ಪರೀಕ್ಷೆ ಒಂದು, ಪರೀಕ್ಷೆ ಎರಡು, ಪರೀಕ್ಷೆ ಮೂರು, ಫಲಿತಾಂಶ.

ಮೊದಲನೇ ಕರ್ನಲ್ಲು ಮೂರು ಸಲವೂ ಸ್ತಬ್ಧ. ಕೆಂಪು ಬೊಟ್ಟಿನ ಮೇಲೆ ಬೆರಳಿಟ್ಟೆ. ಬೆರಳು ಇಳಿಯಲಿಲ್ಲ. ಎಷ್ಟೆಂದರೂ ಫೇಲು ಎಂದು ಬರೆಯುವುದು ಸಣ್ಣ ಮಾತೇ?

"ರೀ, ಅಲ್ಲೇನ್ ಕಣ್ಣಲ್ಲಿ ನೀರು ಹಾಕ್ಕೊಂಡ್ ಕೂತಿದೀರಾ?" ಬಟ್ಟೆ ಒಣಗಿಸಲು ಬಂದ ಶೋಭಾ ಕೇಳಿದಳು.

"ಕರ್ನಲ್ ಫೇಲಾದ ಕಣೇ."

"ನೀವು ಫೇಲಾದಾಗ ನಿಮ್ಮಪ್ಪ ಅತ್ತಿದ್ರಾ?"

"ಇಲ್ಲ, ಹೊಡೆದ್ರು."

"ಮತ್ತೆ! ಒತ್ತಿ ಸುಮ್ನೆ."

ಒತ್ತಿದೆ. ಎರಡನೇ ಕರ್ನಲ್ಲು ಮೂರಕ್ಕೆ ಮೂರೂ ಪಾಸು. ಜಾಣ ಮಗು! ಹಸಿರು ಬೊಟ್ಟು ಒತ್ತಿ, ಷರಾ ಬರೆದೆ: 'ಡಿಸ್ಟಿಂಕ್ಷನ್.'

ಮೂರನೇ ಕರ್ನಲ್ಲು ಬಂತು. ನನ್ನ ಕಥೆ ಕೆಟ್ಟದ್ದು ಇಲ್ಲಿ. ಮೊದಲ ಪರೀಕ್ಷೆ, ಫೇಲು. ಎರಡನೇ ಪರೀಕ್ಷೆ, ಫೇಲು. "ಅಯ್ಯೋ, ಕರ್ನಲ್ ಮತ್ತೆ ಫೇಲಾದನಲ್ಲಪ್ಪಾ!" ಎಂದು ನಾನು ಸಂಕಟದಿಂದ ಕೂಗಿದ್ದು ಪಕ್ಕದ ಮನೆಗೆ ಕೇಳಿಸಿರಬೇಕು. ಪಕ್ಕದ ಮನೆಯ ಪಾಟೀಲರು ಧಾರವಾಡ ಕಡೆಯವರು, ಏರ್‌ಫೋರ್ಸಿನಲ್ಲಿದ್ದು ನಿವೃತ್ತರಾದವರು. ಮಹಡಿ ಹತ್ತಿ ಬಂದೇ ಬಿಟ್ಟರು.

"ಏನ್ರೀ ಮುನಿರಾಜು, ಬೆಳಗ್ಗಿಂದ ಕೇಳಾಕತ್ತೀನಿ, ಯಾವ ಕರ್ನಲ್ ಫೇಲ್ ಆಗ್ಯಾನ? ನಮ್ಮ ಏರ್‌ಫೋರ್ಸ್‌ನ್ಯಾಗ ಕರ್ನಲ್ ಅನ್ನೋ ಹುದ್ದೇನ ಇಲ್ಲ. ಆರ್ಮಿಯವರ ಪರೀಕ್ಷಾ ನಿಮ್ಮ ಮನ್ಯಾಗ ಯಾಕ ನಡದೈತಿ?"

ವಿಷಯ ತಿಳಿಸಿದೆ. ಅವರು ಕುರ್ಚಿ ಎಳೆದುಕೊಂಡು ಪೆಟ್ಟಿಗೆಯನ್ನೇ ದಿಟ್ಟಿಸಿದರು.

"ಪಾಪ, ಡ್ರೈವರ್ ಹುಡುಗ ಅಂಜ್ಯಾನ ಅನಸ್ತೈತಿ. ಇನ್ನೊಂದು ಚಾನ್ಸ್ ಕೊಡ್ರಿ."

ಮೂರನೇ ಪರೀಕ್ಷೆ. ನಾವಿಬ್ಬರೂ ಉಸಿರು ಬಿಗಿಹಿಡಿದು ಕೂತೆವು. ನಾಲ್ಕು ನಿಮಿಷ. ಐದು ನಿಮಿಷ. ಪರದೆಯ ಮೇಲೆ ಹಸಿರು ಅಕ್ಷರ! ಪಾಟೀಲರು ಎದ್ದು ನಿಂತು ಸೆಲ್ಯೂಟ್ ಹೊಡೆದರು. ನಾನು ಆನಂದಬಾಷ್ಪದೊಂದಿಗೆ ಹಸಿರು ಬೊಟ್ಟು ಒತ್ತಿದೆ. ಅಪ್ಪ ನನಗೆ ಕೊಡದ ಮೂರನೇ ಅವಕಾಶವನ್ನು ನಾನೊಬ್ಬ ಅಪರಿಚಿತ ಡ್ರೈವರಿಗೆ ಕೊಟ್ಟಿದ್ದೆ. ಪುಸ್ತಕದಲ್ಲಿ ಬರೆದೆ: 'ಫೇಲು, ಫೇಲು, ಪಾಸು. ಉತ್ತೀರ್ಣ. ಮುಂದೆ ಚೆನ್ನಾಗಿ ಓದಬೇಕು.'

ಮಧ್ಯಾಹ್ನ ಪವಿತ್ರ ಫೋನು ಮಾಡಿದಳು. ಹಿಂದೆ ವಾಲಗದ ಅಬ್ಬರ.

"ಅಣ್ಣಾ, ಎಲ್ಲಾದಕ್ಕೂ ಮೂರು ಸಲ ಮಾಡ್ತಿದೀಯಾ?"

"ಮೂರೂ ಸಲ ಮಾಡ್ತಿದೀನಿ!"

"ನಾನ್ ಹೇಳ್ದಂಗೇ ತಾನೆ?"

"ನೀನ್ ಹೇಳ್ದಂಗೇ!"

"ನೀನಿಲ್ದಿದ್ರೆ ನನ್ ಗತಿ ಏನಣ್ಣಾ!"

ಎದೆ ಉಬ್ಬಿತು. ನಮ್ಮಿಬ್ಬರ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಹತ್ತೂ ಸುತ್ತು ಮುಗಿಯಿತು. ಇನ್ನೆರಡು ಬಡಪಾಯಿಗಳು ಮೂರನೇ ಪರೀಕ್ಷೆಯಲ್ಲಿ ನನ್ನ ಕೃಪೆಯಿಂದ ದಡ ಸೇರಿದವು. ಕೊನೆಯ ಬೊಟ್ಟು ಒತ್ತಿದಾಗ ಲ್ಯಾಪ್‌ಟಾಪು ತಪ್ಪಿತಸ್ಥನ ಹೆಸರನ್ನು ಪರದೆಯ ಮೇಲೆ ತೋರಿಸಿತು. ಫೋಟೋ ತೆಗೆದು ಪವಿತ್ರಳಿಗೆ ಕಳಿಸಿದೆ. ಅವಳು ಊಟದ ಪಂಕ್ತಿಯಲ್ಲಿದ್ದಳಂತೆ. ಎಲೆಗೆ ಬಿದ್ದ ಹೋಳಿಗೆಗೆ ತುಪ್ಪ ಬೀಳುವಷ್ಟರಲ್ಲಿ, ಎಡಗೈಯಲ್ಲೇ, ಆ ಕರ್ನಲ್ಲಿನವರೆಲ್ಲ ಓದುವ ಇ-ಮೇಲ್ ಗುಂಪಿಗೆ ಬರೆದು ಕಳಿಸಿದಳು: ತಪ್ಪು ಸಿಕ್ಕಿತು, ಈ ಬದಲಾವಣೆಯದೇ ತಪ್ಪು, ಮಾಡಿದವರು ಇಂಥವರು.

ಆ ಇಂಥವರು ಬೇರೆ ಯಾರೂ ಅಲ್ಲ. ಹೆನ್ರಿಕ್!

ಸೋಮವಾರ ಬೆಳಗ್ಗೆ ಅವರ ಉತ್ತರ ಬಂತು. ಬೈದಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. 'ನನ್ನ ಬದಲಾವಣೆಯನ್ನು ತೆಗೆದುಹಾಕಿ ನೋಡಿದೆ. ಆಗಲೂ ಡಿಸ್ಕು ನಿಲ್ಲುತ್ತಿದೆ. ನೀವು ಒಂದೊಂದನ್ನೂ ಹೇಗೆ ಪರೀಕ್ಷಿಸಿದಿರಿ, ದಯವಿಟ್ಟು ತಿಳಿಸುವಿರಾ?' ಇಷ್ಟೇ. ಪ್ರಪಂಚದ ನಾನಾ ದೇಶಗಳ ಜನ ಅದನ್ನು ಓದಿದರು.

ಪವಿತ್ರಳ ಮುಖ ಸಣ್ಣಗಾಯಿತು. ಅಡುಗೆಮನೆಯಲ್ಲಿ ಶೋಭಾಳ ಮುಂದೆ ಹೇಳಿಕೊಳ್ಳುತ್ತಿದ್ದಳು. "ಎಲ್ಲಿ ತಪ್ಪಾಯ್ತೋ ಗೊತ್ತಾಗ್ತಿಲ್ಲ ಅತ್ತಿಗೆ. ಮೂರು ಸಲದಲ್ಲಿ ಒಂದೇ ಒಂದ್ ಸಲ ನಿಂತ್ರೂ ಅದು ಫೇಲು. ಅಷ್ಟು ಗಟ್ಟಿಯಾಗಿ ನೋಡಿದ ಮೇಲೂ ಹಿಂಗ್ಯಾಕಾಯ್ತು?"

ಪಡಸಾಲೆಯಲ್ಲಿ ನಾನು ಕುಡಿಯುತ್ತಿದ್ದ ಕಾಫಿ ಗಂಟಲಲ್ಲೇ ನಿಂತಿತು. ಥೇಟ್ ಆ ಡಿಸ್ಕಿನ ಹಾಗೆ!

ಒಂದೇ ಒಂದು ಸಲ ನಿಂತರೂ ಫೇಲು. ಅರ್ಧಕ್ಕೆ ನಿಂತಿದ್ದ ಆ ವಾಕ್ಯದ ಉಳಿದರ್ಧ ಎರಡು ದಿನ ತಡವಾಗಿ ನನ್ನ ಕಿವಿಗೆ ಬಿತ್ತು.

ಆಗಲೇ ಎದ್ದು ಹೋಗಿ ಹೇಳಿಬಿಟ್ಟಿದ್ದರೆ ಇದು ಬರೆಯುವಂಥ ಕಥೆಯೇ ಆಗುತ್ತಿರಲಿಲ್ಲ. ಹೇಳಲಿಲ್ಲ. ಬದಲಿಗೆ ವಡೆ ತಂದೆ. ಸೋಮವಾರ ಮಧ್ಯಾಹ್ನ ಮದ್ದೂರು ವಡೆ, ಸಂಜೆ ಮಾವಿನಹಣ್ಣು. ಮಂಗಳವಾರ ಬೆಳಗ್ಗೆ ಅವಳ ಸ್ಕೂಟರು ತೊಳೆದೆ. ಅದು ಹೊಳೆಯುತ್ತಿದ್ದರೂ ಮಧ್ಯಾಹ್ನ ಇನ್ನೊಮ್ಮೆ ತೊಳೆದೆ.

"ಏನಣ್ಣ, ಯಾವತ್ತೂ ಇಲ್ದೇ ಇರೋ ಪ್ರೀತಿ?"

"ಹಂಗೇ. ರಜ ಅಲ್ವಾ!"

ಈ ನಡುವೆ ಅವಳು ತಪ್ಪನ್ನು ಎಲ್ಲೆಲ್ಲೋ ಹುಡುಕುತ್ತಿದ್ದಳು. ಕೇಬಲ್ಲು ಬದಲಾಯಿಸಿದಳು. ಡಿಸ್ಕು ಬದಲಾಯಿಸಿದಳು. ಆಮೇಲೆ ಕರೆಂಟಿನ ಮೇಲೆ ಅನುಮಾನ ಬಂತು. ಬುಧವಾರ ಬೆಳಗ್ಗೆ ಕೆಳಗಿಳಿದು ಬಂದು, ಬಹಳ ನಯವಾಗಿ ಕೇಳಿದಳು:

"ಅತ್ತಿಗೆ, ಶನಿವಾರ, ಭಾನುವಾರ ನೀವು ಗ್ರೈಂಡರ್ ಹಾಕಿದ್ರಾ?"

"ಹಾಕಿದ್ದೆ. ಇಡ್ಲಿಗೆ. ಯಾಕೆ?"

"ಅದೇ ಇರ್ಬೇಕು! ಗ್ರೈಂಡರ್ ಶುರುವಾದಾಗ ಕರೆಂಟು ಎಳೆದು ಡಿಸ್ಕು ನಿಂತಿರುತ್ತೆ. ಈ ಭಾನುವಾರದವರೆಗೂ ಗ್ರೈಂಡರ್ ಹಾಕ್ಬೇಡಿ ಅತ್ತಿಗೆ, ಪ್ಲೀಸ್."

ಆ ಗ್ರೈಂಡರು ಶೋಭಾಳ ತವರಿನವರು ಬಾಗಲಗುಂಟೆಯಿಂದ ಕೊಟ್ಟು ಕಳಿಸಿದ್ದು. ಅದರ ಮೇಲೆ ಆರೋಪ ಬಂದದ್ದು ಮದುವೆಯಾದ ಹದಿನೈದು ವರ್ಷಗಳಲ್ಲಿ ಇದೇ ಮೊದಲು!

"ನಮ್ಮಮ್ಮ ಕೊಟ್ಟ ಗ್ರೈಂಡರ್ ಯಾವ ದೇಶದ ಕರ್ನಲ್ಲನ್ನೂ ಕೆಡಿಸಿಲ್ಲ!" ಎಂದು ಶೋಭಾ ಗುಡುಗಿದಳು. ಪವಿತ್ರ ತಲೆ ತಗ್ಗಿಸಿಕೊಂಡು ಮಹಡಿಗೆ ಹೋದಳು. ಶೋಭಾ ಸಿಟ್ಟಿನಿಂದ ಮನೆ ಗುಡಿಸತೊಡಗಿದಳು. ಸಿಟ್ಟು ಬಂದಾಗ ಅವಳು ಮಂಚದ ಕೆಳಗೂ ಗುಡಿಸುತ್ತಾಳೆ. ಮಂಚದ ಕೆಳಗೆ, ಹಳೆಯ ಟೈರಿನೊಳಗೆ, ನಾನು ಬಚ್ಚಿಟ್ಟಿದ್ದ ಹಾಜರಿ ಪುಸ್ತಕ ಇತ್ತು.

ಎರಡು ನಿಮಿಷ ಪೊರಕೆಯ ಸದ್ದು ನಿಂತಿತು. ಆಮೇಲೆ ಅವಳ ದನಿ ಕೇಳಿತು. ಓದುತ್ತಿದ್ದಳು.

"'ಫೇಲು, ಫೇಲು, ಪಾಸು. ಉತ್ತೀರ್ಣ. ಮುಂದೆ ಚೆನ್ನಾಗಿ ಓದಬೇಕು.' ರೀ! ಏನ್ರೀ ಇದು?"

"ಅದು... ಮೂರು ಪರೀಕ್ಷೆ..."

"ಕೆಟ್ಟಿದ್ಯಾ ಅಂತ ನೋಡೋಕೆ ಕೂರಿಸಿದ್ರೆ, ನೀವು ಪಾಸ್ ಮಾಡ್ಸೋಕೆ ಕೂತಿದ್ರಾ? ಅಲ್ರೀ, ವ್ಯಾನಿನ ಬ್ರೇಕು ಮೂರು ಸಲ ಒತ್ತಿದಾಗ ಒಂದ್ ಸಲ ಹಿಡಿದ್ರೆ ಮಕ್ಕಳನ್ನ ಕೂರಿಸ್ಕೊಂಡ್ ಹೋಗ್ತೀರಾ?"

ಎಂಥ ಮಾತು! ಈ ಬ್ರೇಕಿನ ಉದಾಹರಣೆ ಶನಿವಾರ ಬೆಳಗ್ಗೆ ನನಗೇ ಯಾಕೆ ಹೊಳೆಯಲಿಲ್ಲ? ಅಷ್ಟು ವರ್ಷ ಓಡಿಸಿದವನು ನಾನು, ಹೊಳೆದದ್ದು ಅವಳಿಗೆ.

"ಮೇಲಕ್ಕೆ ಹೋಗಿ ಹೇಳಿ. ಈಗ್ಲೇ. ಮೊದ್ಲು ಗ್ರೈಂಡರ್ ತಪ್ಪಿಲ್ಲ ಅಂತ ಹೇಳಿ, ಆಮೇಲೆ ಮಿಕ್ಕಿದ್ದು."

ಅಪ್ಪನ ಮುಂದೆ ಅಂಕಪಟ್ಟಿ ಹಿಡಿದು ನಿಂತಿದ್ದು ಎರಡು ಸಲ. ಇದು ಮೂರನೆಯದು. ಪುಸ್ತಕವನ್ನು ಪವಿತ್ರಳ ಮುಂದಿಟ್ಟು ಗೋಡೆ ನೋಡುತ್ತ ನಿಂತೆ.

"ಗ್ರೈಂಡರ್ ತಪ್ಪಿಲ್ಲ ಕಣಮ್ಮ," ಎಂದೆ.

ಅವಳು ಪುಟ ತಿರುಗಿಸಿದಳು. ಮೊದಲು ಹುಬ್ಬು ಗಂಟಿಕ್ಕಿತು. 'ಡಿಸ್ಟಿಂಕ್ಷನ್' ಎಂಬಲ್ಲಿಗೆ ಬಂದಾಗ ತುಟಿ ನಡುಗಿತು. 'ಮುಂದೆ ಚೆನ್ನಾಗಿ ಓದಬೇಕು' ಎಂಬಲ್ಲಿ ಅವಳಿಗೆ ತಡೆಯಲಾಗಲಿಲ್ಲ. ನಕ್ಕಳು, ನಕ್ಕಳು, ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಕಣ್ಣೊರೆಸಿಕೊಂಡ ಮೇಲೆ ಮಾತ್ರ ದನಿ ಬದಲಾಯಿತು.

"ತಪ್ಪಾಯ್ತು, ಬಿಡು. ನಾನೂ ಪೂರ್ತಿ ಹೇಳ್ದೆ ಓಡಿಹೋದೆ. ಆದ್ರೆ ಸೋಮವಾರಾನೇ ಯಾಕ್ ಹೇಳ್ಲಿಲ್ಲಣ್ಣಾ? ಎರಡು ದಿನ ನಂಗೆ ನನ್ ಮೇಲೇ ಅನುಮಾನ ಬಂದುಬಿಟ್ಟಿತ್ತು. ಈ ಕೆಲ್ಸಕ್ಕೆ ನಾನು ಲಾಯಕ್ಕಿಲ್ಲ ಅಂತ ಹೆನ್ರಿಕ್‌ಗೆ ಬರೆದುಬಿಡೋಣ ಅಂತಿದ್ದೆ."

ನಾನು ತೊಳೆದ ಸ್ಕೂಟರು, ತಂದ ವಡೆ ಎಲ್ಲ ಕಣ್ಣ ಮುಂದೆ ಬಂದು ನಾಚಿಕೆಯಾಯಿತು.

"ಫೇಲು ಅಂತ ಹೇಳೋಕೆ ನಂಗೆ ನಾಲಿಗೆ ಬರಲ್ಲ ಕಣಮ್ಮ. ಯಾರ್ ವಿಷ್ಯದಲ್ಲೂ. ನನ್ ವಿಷ್ಯದಲ್ಲಂತೂ ಮೊದ್ಲೇ ಬರಲ್ಲ."

ಅವಳು ಮತ್ತೆ ಪುಸ್ತಕ ನೋಡಿದಳು. ಇದ್ದಕ್ಕಿದ್ದಂತೆ ನೆಟ್ಟಗೆ ಕೂತಳು. "ಅಣ್ಣಾ! ಪ್ರತಿ ಸಲದ್ದೂ ಬರೆದಿಟ್ಟಿದೀಯಲ್ಲ! ಮೊದಲ್ನೇದು, ಎರಡ್ನೇದು ಸರಿಯಾಗೇ ಇದೆ. ದಾರಿ ತಪ್ಪಿದ್ದು ಮೂರ್ನೇದ್ರಿಂದ. ಅದನ್ನ ಫೇಲು ಅಂತ ತಿದ್ದಿದ್ರೆ ಸಾಕು, ಎಲ್ಲಾ ಮೊದ್ಲಿಂದ ಮಾಡ್ಬೇಕಾಗಿಲ್ಲ. ಇಲ್ಲಿಂದ ಏಳೇ ಸುತ್ತು!"

ಆ ಏಳು ಸುತ್ತನ್ನು ನಾನೂ ಅವಳೂ ಸೇರಿ ಮಾಡಿದೆವು. ಕೆಂಪು ಬೊಟ್ಟು ಒತ್ತುವ ಕೆಲಸ ನನಗೇ ಕೊಟ್ಟಳು. ಶಿಕ್ಷೆ! ಪಾಟೀಲರು ಬಂದು, "ಇನ್ನೊಂದು ಚಾನ್ಸ್..." ಎಂದು ಬಾಯಿ ತೆರೆದಾಗ ಶೋಭಾ ಅವರ ಕೈಗೆ ಒಂದು ತಟ್ಟೆ ಇಡ್ಲಿ ಕೊಟ್ಟು ಕೆಳಗೆ ಕೂರಿಸಿದಳು. ಗ್ರೈಂಡರು ಇಡೀ ಬೆಳಗ್ಗೆ ರಾಜಗಾಂಭೀರ್ಯದಿಂದ ತಿರುಗುತ್ತಿತ್ತು. ಅದರಿಂದ ಡಿಸ್ಕಿಗೆ ಏನೂ ಆಗಲಿಲ್ಲ.

ಗುರುವಾರ ಮಧ್ಯಾಹ್ನ ನಿಜವಾದ ತಪ್ಪು ಸಿಕ್ಕಿತು. ಹೆನ್ರಿಕ್ಕಿನದಲ್ಲ, ಬೇರೆ ಯಾರೋ ಮಾಡಿದ್ದ ಎರಡು ಸಾಲಿನ ಬದಲಾವಣೆ. ಡಿಸ್ಕು ಉತ್ತರ ಕೊಡುವ ತನಕ ಕಾಯಬೇಕಾದ ಡ್ರೈವರು ಅವಸರಪಟ್ಟು ಹೊರಟುಬಿಡುತ್ತಿತ್ತು. ಮಗು ಹತ್ತುವ ಮೊದಲೇ ವ್ಯಾನು ಎತ್ತಿದ ಹಾಗೆ. ಅಂದರೆ, ಹೇಳಲು ಸಂಕಟವಾಗುತ್ತದೆ, ತಪ್ಪು ಡ್ರೈವರಿನದೇ ಆಗಿತ್ತು. ನಾನು ಅವನ ಪಕ್ಷದಿಂದ ರಾಜೀನಾಮೆ ಕೊಟ್ಟೆ.

ಪವಿತ್ರ ನಡೆದದ್ದನ್ನೆಲ್ಲ ಬಿಚ್ಚಿ ಬರೆದು ಎಲ್ಲರೆದುರು ಹೆನ್ರಿಕ್ಕಿನ ಕ್ಷಮೆ ಕೇಳಿದಳು. ನನ್ನ ಹಾಜರಿ ಪುಸ್ತಕದ ಫೋಟೋ ಹಾಕಿ, ಒಂದೊಂದು ಷರಾವನ್ನೂ ಇಂಗ್ಲಿಷಿಗೆ ತರ್ಜುಮೆ ಮಾಡಿದಳು. 'ಮುಂದೆ ಚೆನ್ನಾಗಿ ಓದಬೇಕು' ಎಂಬುದನ್ನು ಕೂಡ! ಶುಕ್ರವಾರ ಹೆನ್ರಿಕ್ಕಿನ ಉತ್ತರ ಬಂತು. ಪವಿತ್ರ ಕನ್ನಡದಲ್ಲಿ ಓದಿ ಹೇಳಿದಳು: ಪ್ರತಿ ಸಲದ ಫಲಿತಾಂಶವನ್ನೂ ಇಷ್ಟು ಪ್ರಾಮಾಣಿಕವಾಗಿ ಬರೆದಿಟ್ಟು, ಇಷ್ಟು ತಪ್ಪಾಗಿ ಓದಿಕೊಂಡವರನ್ನು ಅವರು ಈವರೆಗೆ ಕಂಡಿಲ್ಲವಂತೆ. ಭಾನುವಾರ ಹೊಸ ಕರ್ನಲ್ಲು ಸರಿಯಾಗಿ ಹೊರಟಿತು. ಡ್ರೈವರಿನ ಉಸ್ತುವಾರಿ ಪವಿತ್ರಳಿಗೇ ಬಂತು.

ಉಸ್ತುವಾರಿ ಕೊಡುವ ಮುನ್ನ ಹೆನ್ರಿಕ್ ಮಾಡಿದ ಕೊನೆಯ ಕೆಲಸವೆಂದರೆ, ಆ ಡ್ರೈವರನ್ನು ಪರೀಕ್ಷಿಸುವವರೆಲ್ಲ ಓದಬೇಕಾದ ಸೂಚನೆಗಳಲ್ಲಿ ಹೊಸದೊಂದು ಸಾಲು ಸೇರಿಸಿದ್ದು. 'ಮೂರು ಸಲದಲ್ಲಿ ಒಂದು ಸಲ ಪಾಸಾದರೆ ಅದು ಪಾಸಲ್ಲ.' ಪ್ರಪಂಚದ ಯಾವ ಮೂಲೆಯಲ್ಲಿ ಕೂತು ಆ ಡ್ರೈವರನ್ನು ಮುಟ್ಟುವವರೂ ಇನ್ನು ಮುಂದೆ ಆ ಸಾಲನ್ನು ಓದಬೇಕು. ನನ್ನ ಹೆಸರು ಹಾಕಿಲ್ಲ. ಆದರೆ ನಮ್ಮ ಬೀದಿಗೆಲ್ಲ ಗೊತ್ತು. ಪಾಟೀಲರ ಕೃಪೆಯಿಂದ ಪಕ್ಕದ ಬೀದಿಗೂ.

ಶಾಲೆ ಶುರುವಾದ ದಿನ ಆ ಸಾಂಬಾರಿನ ಹುಡುಗಿ ವ್ಯಾನು ಹತ್ತಿದಳು. ಈಗ ಐದನೇ ತರಗತಿ.

"ಅಂಕಲ್, ನಿಮ್ದೂ ಒಂದು ಬೋರ್ಡ್ ಇದೆಯಂತೆ? ಪವಿತ್ರ ಆಂಟಿ ಹೇಳಿದ್ರು."

"ಇದೆ ಕಣಮ್ಮ."

"ನಂದಕ್ಕಿಂತ ದೊಡ್ಡದಾ?"

"ತುಂಬಾ ದೊಡ್ಡದು."

ಅವಳಿಗೆ ಮಹಾ ಸಂತೋಷವಾಯಿತು. ಆ ದಿನ ಮೊಟ್ಟಮೊದಲ ಸಲ ಅವಳು ಬೋರ್ಡಿನ ಕಡೆಗೆ ಮುಖ ಮಾಡಿ ಕೂತಳು. ನಾನು ಅದಕ್ಕೆ ಬೆನ್ನು ಹಾಕಿ ವ್ಯಾನು ಓಡಿಸಿದೆ.